ನಮ್ಮ ಪಂದ್ಯ ನಮ್ಮ ರಿಂಕಿನಲ್ಲಿ ಯಾಕಿಲ್ಲ?

ಈ ಸಲ ಅಮೆರಿಕದಲ್ಲಿರುವ ಓದುಗರಿಂದ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ವಿಷಯದ್ದು. ಕಾಲೇಜು ಐಸ್ ಹಾಕಿ, ಅಂದರೆ ರಿಂಕ್ ಅನ್ನುವ ಮಂಜಿನ ಅಂಗಳದಲ್ಲಿ ಆಡುವ ಹಾಕಿ. ತವರಿನ ಪಂದ್ಯವನ್ನು ಬೇರೆ ಊರಿಗೆ ಎತ್ತಿಕೊಂಡು ಹೋಗುತ್ತಾರೆ, ಟಿಕೆಟ್ ದರ ಏರಿಸುತ್ತಾರೆ, ನಮ್ಮನ್ನು ಕೇಳುವವರೇ ಇಲ್ಲ ಅನ್ನುವ ಸಂಕಟ. ನಾನೂ ಈ ಆಟವನ್ನು ಬಹಳ ವರ್ಷದಿಂದ ನೋಡುತ್ತಾ ಬಂದವನು. ಹಾಗಾಗಿ ಸುಮ್ನೆ ಸಮಾಧಾನ ಹೇಳಿ ಮುಗಿಸುವುದಿಲ್ಲ. ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು: ಅಲ್ಲಿ ಅಗ್ರ ದರ್ಜೆಯಲ್ಲಿ ಪುರುಷರ ತಂಡಗಳೇ ಅರವತ್ತಕ್ಕೂ ಜಾಸ್ತಿ ಇವೆ. ಒಂದು ತಂಡ ಒಂದು ಸೀಸನ್ನಿನಲ್ಲಿ ಆಡುವುದು ಸುಮಾರು 34 ಪಂದ್ಯ. ಅದರಲ್ಲಿ ಅರ್ಧದಷ್ಟು ಮಾತ್ರ ತವರಿನಲ್ಲಿ, ಅದೂ ಹೆಚ್ಚಾಗಿ ಶುಕ್ರವಾರ, ಶನಿವಾರ ರಾತ್ರಿ.

ಪ್ರಶ್ನೆ: ಎಂಟು ವರ್ಷದಿಂದ ನಮ್ಮ ಮನೆಯಲ್ಲಿ ಮೂರು ಸೀಸನ್ ಟಿಕೆಟ್ ಇವೆ. ನನಗೆ, ನನ್ನ ಹೆಂಡತಿಗೆ, ಮಗಳಿಗೆ. ಈ ವರ್ಷ ನಮ್ಮ ಕಡು ಎದುರಾಳಿಯ ವಿರುದ್ಧದ ತವರಿನ ಪಂದ್ಯವನ್ನು ಎರಡು ಗಂಟೆ ದೂರದ ದೊಡ್ಡ ಅರೆನಾಕ್ಕೆ ಹಾಕಿದ್ದಾರೆ. ಸೀಸನ್ ಟಿಕೆಟ್ ಅಲ್ಲಿ ನಡೆಯುವುದಿಲ್ಲ. ಬೇರೆ ಟಿಕೆಟ್ ಕೊಳ್ಳಬೇಕು. ನಮಗೆ ಸಿಕ್ಕ ಅನುಕೂಲ ಒಂದೇ, ಬೇರೆಯವರಿಗಿಂತ ಒಂದು ದಿನ ಮೊದಲು ಕೊಳ್ಳಬಹುದಂತೆ. ಮೂರು ಜನಕ್ಕೆ ಟಿಕೆಟ್, ಪಾರ್ಕಿಂಗ್, ಊಟ ಸೇರಿ 350 ಡಾಲರ್ ದಾಟಿತು. ನಾವು ಹೋಗಲಿಲ್ಲ. ಮಗಳು ಆ ರಾತ್ರಿ ಟಿವಿಯಲ್ಲೂ ನೋಡಲಿಲ್ಲ. ಇದನ್ನು ತವರಿನ ಪಂದ್ಯ ಅಂತ ಕರೆಯುವುದು ಹೇಗೆ?
— ಒಬ್ಬ ಓದುಗ, ಮಿಡ್‌ವೆಸ್ಟ್

ಉತ್ತರ: ನಿಮ್ಮ ಮಗಳ ಬೇಸರ ನನಗೆ ಅರ್ಥವಾಗುತ್ತದೆ. ವರ್ಷವಿಡೀ ಕಾಯುವ ಪಂದ್ಯ ಅದೊಂದೇ ತಾನೇ.

ಮೊದಲು ಇದು ಯಾಕೆ ಆಗುತ್ತದೆ ಅಂತ ನೋಡೋಣ. ಲೆಕ್ಕ ಸುಲಭ. ಮಿಷಿಗನ್ ವಿಶ್ವವಿದ್ಯಾಲಯದ ಯೋಸ್ಟ್ ರಿಂಕಿನಲ್ಲಿ ಸುಮಾರು 5,800 ಜನ ಹಿಡಿಯುತ್ತಾರೆ. ಡೆಟ್ರಾಯ್ಟಿನ ಲಿಟಲ್ ಸೀಸರ್ಸ್ ಅರೆನಾದಲ್ಲಿ 19,000ಕ್ಕೂ ಜಾಸ್ತಿ. ಮಿಷಿಗನ್ ಮತ್ತು ಮಿಷಿಗನ್ ಸ್ಟೇಟ್ ಪ್ರತಿವರ್ಷ ಅಲ್ಲಿ ಒಂದು ಪಂದ್ಯ ಆಡುತ್ತವೆ. ಮೂರು ಪಟ್ಟು ಸೀಟು, ಅದರ ಮೇಲೆ ಜಾಸ್ತಿ ದರ. ದೊಡ್ಡ ನಗರದಲ್ಲಿ ನೆಲೆಸಿರುವ ಹಳೇ ವಿದ್ಯಾರ್ಥಿಗಳು ಬರುತ್ತಾರೆ, ಹೈಸ್ಕೂಲ್ ಆಟಗಾರರಿಗೆ 'ನಮ್ಮ ಕಾಲೇಜಿಗೆ ಬಂದರೆ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್ ಮಂಜಿನ ಮೇಲೆ ಆಡಬಹುದು' ಅಂತ ತೋರಿಸಬಹುದು. ಕಾಲೇಜಿನ ಕಡೆಯಿಂದ ನೋಡಿದರೆ ಬೇಡ ಅನ್ನುವುದು ಕಷ್ಟ.

ಇದು ಶುರುವಾದಾಗ ನನಗೂ ತುಂಬಾ ಖುಷಿಯಾಗಿತ್ತು. 2001ರ ಅಕ್ಟೋಬರ್ 6ರಂದು ಮಿಷಿಗನ್ ಸ್ಟೇಟ್ ತನ್ನ ಫುಟ್‌ಬಾಲ್ ಮೈದಾನದ ಮೇಲೆ ಮಂಜಿನ ಹಾಸು ಹಾಕಿ ಮಿಷಿಗನ್ ತಂಡವನ್ನು ಕರೆಯಿತು. 74,544 ಜನ ಬಂದರು. ಪಂದ್ಯ 3-3ರಲ್ಲಿ ಮುಗಿಯಿತು. 2010ರ ಡಿಸೆಂಬರಿನಲ್ಲಿ ಮಿಷಿಗನ್ ತನ್ನ ದೊಡ್ಡ ಸ್ಟೇಡಿಯಮ್ಮಿನಲ್ಲಿ ಅದೇ ರೀತಿ ಆಡಿಸಿತು. ಗಿನ್ನಿಸ್‌ನವರು ಎಣಿಸಿ ಒಪ್ಪಿಕೊಂಡದ್ದು 104,173 ಜನ. ಅದೇ ವರ್ಷ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ ಕೂಡ ಕ್ಯಾಂಪ್ ರ‍್ಯಾಂಡಲ್ ಮೈದಾನದಲ್ಲಿ ಆಡಿತ್ತು. ಆದರೆ ಒಂದು ವಿಷಯ ಗಮನಿಸಿ. ಈ ಮೂರೂ ಆಯಾ ಕಾಲೇಜಿನ ಸ್ವಂತ ಮೈದಾನಗಳು. ವಿದ್ಯಾರ್ಥಿಗಳು ಹಾಸ್ಟೆಲಿನಿಂದ ನಡೆದುಕೊಂಡೇ ಹೋದರು. ಮನೆಯೊಳಗೆ ಜನ ಹಿಡಿಸದೆ ಅಂಗಳದಲ್ಲಿ ಚಪ್ಪರ ಹಾಕಿದ ಹಾಗೆ. ಮನೆ ಬದಲಾಗಲಿಲ್ಲ.

ಆಮೇಲಿನವು ಹಾಗಲ್ಲ. 2023ರ ಫೆಬ್ರವರಿಯಲ್ಲಿ ಒಹಾಯೊ ಸ್ಟೇಟ್, ಮಿಷಿಗನ್ ವಿರುದ್ಧ ಆಡಿದ್ದು ಕ್ಲೀವ್‌ಲ್ಯಾಂಡಿನ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ. ಒಹಾಯೊ ಸ್ಟೇಟ್ ಇರುವ ಕೊಲಂಬಸ್ಸಿನಿಂದ ಅದು ಸುಮಾರು 140 ಮೈಲಿ. 2025ರ ಜನವರಿಯಲ್ಲಿ ಬಿಗ್ ಟೆನ್ ಕಾನ್ಫರೆನ್ಸ್ ಅನ್ನುವ ಕಾಲೇಜು ಕೂಟದ ಆರು ಪುರುಷರ ತಂಡಗಳು ಶಿಕಾಗೊದ ಬೇಸ್‌ಬಾಲ್ ಮೈದಾನ ರಿಗ್ಲಿ ಫೀಲ್ಡಿನಲ್ಲಿ ಆಡಿದವು. ಆರರಲ್ಲಿ ಒಂದೂ ಶಿಕಾಗೊ ತಂಡವಲ್ಲ. ನೋಡಲು ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಪ್ರತಿ ಪಂದ್ಯದಲ್ಲೂ ಯಾರೋ ಒಬ್ಬರ ಕ್ಯಾಂಪಸ್ಸಿನ ಒಂದು ರಾತ್ರಿ ಹೋಯಿತು, ಅಲ್ವಾ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಪಂದ್ಯವನ್ನು ಆಗೊಮ್ಮೆ ಈಗೊಮ್ಮೆ ಬೇರೆ ಕಡೆ ಆಡಿಸುವುದು ತಪ್ಪಲ್ಲ. ಅದನ್ನು 'ತವರಿನ ಪಂದ್ಯ' ಅಂತ ಪಟ್ಟಿಯಲ್ಲಿ ಬರೆದು, ವರ್ಷವಿಡೀ ಸೀಟು ಹಿಡಿದಿರುವವರಿಗೆ ಕೊನೆಗೆ ಹೇಳಿ, ಅವರಿಂದಲೇ ಇನ್ನೊಂದು ಸಲ ದುಡ್ಡು ಕೇಳುವುದು ತಪ್ಪು. ಜನವರಿಯ ಮಂಗಳವಾರ ರಾತ್ರಿ, ತಂಡ ಸೋಲುತ್ತಿರುವಾಗ, ಎದುರಾಳಿ ಯಾರು ಅಂತಲೂ ಯಾರಿಗೂ ಬೇಡವಾದಾಗ ಬಂದು ಕೂತವರು ನೀವು. ಒಳ್ಳೆಯ ಪಂದ್ಯ ಬಂದಾಗ ನಿಮ್ಮ ಸರದಿ ಮೊದಲು ಬರಬೇಕು, ಒಂದು ದಿನ ಮೊದಲು ಕೊಳ್ಳುವ ಅವಕಾಶವಷ್ಟೇ ಅಲ್ಲ, ಆ ಸೀಟು ನಿಮ್ಮ ಪ್ಯಾಕೇಜಿನೊಳಗೇ ಇರಬೇಕು. ಅದು ಆಗದಿದ್ದರೆ ಆ ಪಂದ್ಯದ ಪಾಲು ಬೆಲೆಯಿಂದ ಕಡಿಮೆಯಾಗಬೇಕು. ಇವೆರಡೂ ಇಲ್ಲದೆ ನವೀಕರಣದ ಬೆಲೆ ಹೋದ ವರ್ಷದಷ್ಟೇ ಇದೆ ಅಂದರೆ, ಅದು ನಿಜವಾಗಿ ದರ ಏರಿಕೆಯೇ.

ಸದ್ಯಕ್ಕೆ ಒಂದು ದಾರಿ ಇದೆ. ಇಂಥ ಎದುರಾಳಿಯ ವಿರುದ್ಧ ಸಾಮಾನ್ಯವಾಗಿ ಆ ವಾರಾಂತ್ಯದಲ್ಲಿ ಎರಡು ಪಂದ್ಯ ಇರುತ್ತವೆ. ಒಂದು ಹೊರಗೆ ಹೋದರೂ ಇನ್ನೊಂದು ಯಾವುದಾದರೂ ಕ್ಯಾಂಪಸ್ಸಿನಲ್ಲಿ ಉಳಿದಿರುತ್ತದೆ. ಅದು ಎದುರಾಳಿಯ ರಿಂಕಾದರೂ ಪರವಾಗಿಲ್ಲ, ಮಗಳನ್ನು ಕರೆದುಕೊಂಡು ಹೋಗಿ. ಎದುರಾಳಿಯ ಊರಿನ ಚಿಕ್ಕ ರಿಂಕಿನಲ್ಲಿ ನಮ್ಮ ಬಣ್ಣದ ಜರ್ಸಿ ಹಾಕಿ ಕೂರುವ ಸುಖ ಅವಳಿಗೆ ದೊಡ್ಡ ಅರೆನಾದ ಮೇಲಿನ ಸಾಲಿನಲ್ಲಿ ಸಿಗುವುದಿಲ್ಲ.

ಪ್ರಶ್ನೆ: ನಾನು ಎರಡನೇ ವರ್ಷದ ವಿದ್ಯಾರ್ಥಿನಿ. ಸ್ಟೂಡೆಂಟ್ ಸೆಕ್ಷನ್‌ಗೆ ಹೋಗಲು ಮೂರು ಗಂಟೆ ಮೊದಲೇ ಸಾಲಿನಲ್ಲಿ ನಿಲ್ಲುವವಳು. ನಮ್ಮ ಪಂದ್ಯ ಬೇರೆ ಊರಿಗೆ ಹೋದಾಗ ವಿದ್ಯಾರ್ಥಿ ಟಿಕೆಟ್ ಕೆಲವೇ ಇದ್ದವು, ಬಸ್ಸು ಇರಲಿಲ್ಲ, ನನ್ನ ಹತ್ತಿರ ಕಾರಿಲ್ಲ. ನಾವಿಲ್ಲದೆ ಅದು ಕಾಲೇಜು ಹಾಕಿ ಹೇಗಾಗುತ್ತದೆ ಮೇಡಂ/ಸರ್?
— ಒಬ್ಬ ವಿದ್ಯಾರ್ಥಿನಿ

ಉತ್ತರ: ಆಗುವುದಿಲ್ಲ ಕಣಮ್ಮ. ನೀನು ಹೇಳಿದ್ದು ಸರಿ.

ಕಾಲೇಜು ಹಾಕಿಯನ್ನು ವೃತ್ತಿಪರ ಹಾಕಿಯಿಂದ ಬೇರೆ ಮಾಡುವುದೇ ನೀವು. ಕಾರ್ನೆಲ್‌ನ ಲೈನಾ ರಿಂಕು ನೋಡು, ನಾಲ್ಕು ಸಾವಿರ ಚಿಲ್ಲರೆ ಜನ ಹಿಡಿಯುವ ಚಿಕ್ಕ ಜಾಗ. ಎದುರಾಳಿ ಆಟಗಾರರ ಹೆಸರು ಓದುವಾಗ ವಿದ್ಯಾರ್ಥಿಗಳೆಲ್ಲ ಪೇಪರ್ ಬಿಡಿಸಿ ಓದುತ್ತಾ ಕೂರುತ್ತಾರೆ. ಹಾರ್ವರ್ಡ್ ಬಂದಾಗ ಮಂಜಿನ ಮೇಲೆ ಮೀನು ಎಸೆಯುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಒಂದು ಬ್ಯಾಚಿನಿಂದ ಇನ್ನೊಂದು ಬ್ಯಾಚಿಗೆ ಹಾಗೇ ಬಂದದ್ದು. ಪೆಪ್ ಬ್ಯಾಂಡ್ (ವಿದ್ಯಾರ್ಥಿಗಳ ವಾದ್ಯತಂಡ), ಕೂಗು, ಗೋಲು ಬಿದ್ದಾಗಿನ ಎಣಿಕೆ, ಇದೆಲ್ಲ ತಗ್ಗಿನ ಛಾವಣಿಯ ಕೆಳಗೆ ಗುಡುಗಿದ ಹಾಗೆ ಕೇಳಿಸುತ್ತದೆ. ಹತ್ತೊಂಬತ್ತು ಸಾವಿರದ ಅರೆನಾದ ಒಂದು ಮೂಲೆಯಲ್ಲಿ ಇನ್ನೂರು ವಿದ್ಯಾರ್ಥಿಗಳನ್ನು ಕೂರಿಸಿದರೆ ಅದು ಕಳೆದೇ ಹೋಗುತ್ತದೆ.

ಹೊರಗೆ ಆಡುವುದೆಲ್ಲ ಕೆಟ್ಟದ್ದು ಅಂತ ಮಾತ್ರ ಅಂದುಕೊಳ್ಳಬೇಡ. ಬಾಸ್ಟನ್ನಿನ ಬೀನ್‌ಪಾಟ್ ಟೂರ್ನಿ 1952ರಿಂದ ನಡೆಯುತ್ತಿದೆ. ಬಾಸ್ಟನ್ ಯೂನಿವರ್ಸಿಟಿ, ಬಾಸ್ಟನ್ ಕಾಲೇಜ್, ಹಾರ್ವರ್ಡ್, ನಾರ್ತ್‌ಈಸ್ಟರ್ನ್, ನಾಲ್ಕೂ ಅಕ್ಕಪಕ್ಕದವು. ಫೆಬ್ರವರಿಯ ಎರಡು ಸೋಮವಾರ ವಿದ್ಯಾರ್ಥಿಗಳು ರೈಲು ಹತ್ತಿ ಊರಿನ ದೊಡ್ಡ ಅರೆನಾ ಟಿಡಿ ಗಾರ್ಡನ್‌ಗೆ ಹೋಗುತ್ತಾರೆ. ಕಾರ್ನೆಲ್ ಮತ್ತು ಬಾಸ್ಟನ್ ಯೂನಿವರ್ಸಿಟಿ 2007ರಿಂದ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಆಡುವುದೂ ಹಾಗೇ. ಅದು ಥ್ಯಾಂಕ್ಸ್‌ಗಿವಿಂಗ್ ವಾರಾಂತ್ಯ. ಆಗ ಕ್ಯಾಂಪಸ್ ಹೇಗೂ ಖಾಲಿ. ಅಂಥ ಪಂದ್ಯಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನೀನು ಮಾಡಬೇಕಾದ ಕೆಲಸ ಇದೆ. ವಿದ್ಯಾರ್ಥಿ ಸಂಘದ ಹತ್ತಿರ ಹೋಗು. ಎಷ್ಟೋ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕಟ್ಟುವ ಶುಲ್ಕದಲ್ಲಿ ಒಂದು ಪಾಲು ಕ್ರೀಡಾ ವಿಭಾಗಕ್ಕೆ ಹೋಗುತ್ತದೆ. ನಿಮ್ಮಲ್ಲೂ ಹಾಗಿದ್ದರೆ ಗಟ್ಟಿಯಾಗಿ ಕೇಳುವ ಹಕ್ಕು ನಿಮಗಿದೆ: ರಿಂಕಿನ ಸುತ್ತಲಿನ ಗಾಜಿನ ಹಿಂದೆಯೇ ವಿದ್ಯಾರ್ಥಿಗಳಿಗೆ ಒಂದು ಇಡೀ ಬ್ಲಾಕು, ಕ್ಯಾಂಪಸ್ಸಿನ ದರ, ಹೋಗಿಬರಲು ಬಸ್ಸು. ಅರೆನಾದ ಜೊತೆ ಒಪ್ಪಂದ ಮಾಡುವ ಮೊದಲೇ ಇದನ್ನು ಬರೆಸಿಕೊಳ್ಳಬೇಕು. ಸಹಿಯಾದ ಮೇಲೆ ಕೇಳಿದರೆ 'ಅರೆನಾದವರ ನಿಯಮ' ಅನ್ನುತ್ತಾರೆ.

ಪ್ರಶ್ನೆ: ಊರಲ್ಲೇ ನಡೆಯುವ ಪಂದ್ಯಕ್ಕೂ ದರ ಏರುತ್ತಲೇ ಇದೆ. ಸೀಟಿಗೊಂದು 'ದೇಣಿಗೆ' ಬೇರೆ. ಎಲ್ಲಿಗೆ ಹೋಗುತ್ತದೆ ಈ ದುಡ್ಡು?
— ನಿವೃತ್ತ ಶಿಕ್ಷಕಿ, ಮಿನ್ನೆಸೋಟ

ಉತ್ತರ: ಮೇಡಂ, ಕಾರಣ ಒಂದಲ್ಲ.

2025ರ ಜೂನಿನಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯ ಪ್ರಕಾರ, ಕಾಲೇಜುಗಳು ಈಗ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ಅದರಲ್ಲಿ ದೊಡ್ಡ ಪಾಲು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೆ. ಆಟಗಾರರಿಗೆ ದುಡ್ಡು ಸಿಗಬೇಕಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ಹಣ ಹೊಂದಿಸಲು ಎಲ್ಲ ಆಟಗಳ ಟಿಕೆಟ್ ಮೇಲೂ ಕಣ್ಣು ಬೀಳುತ್ತದೆ. ಟೆನೆಸ್ಸೀ ವಿಶ್ವವಿದ್ಯಾಲಯ 2025ರ ಫುಟ್‌ಬಾಲ್ ಟಿಕೆಟ್ ಮೇಲೆ ಶೇ 10ರ 'ಟ್ಯಾಲೆಂಟ್ ಫೀ' ಹಾಕುವುದಾಗಿ ಮೊದಲೇ ಹೇಳಿತು. ಕನಿಷ್ಠ ಅದಕ್ಕೊಂದು ಹೆಸರಿಟ್ಟು ಹೇಳಿದರು. ಎಷ್ಟೋ ಕಡೆ ಹೆಸರೂ ಇಲ್ಲದೆ ಸೇರಿಹೋಗುತ್ತದೆ.

ಹಾಕಿಯಲ್ಲೇ ಇನ್ನೊಂದು ಬದಲಾವಣೆ ಆಗಿದೆ. 2025ರ ಆಗಸ್ಟಿನಿಂದ ಕೆನಡಾದ ಮೇಜರ್ ಜೂನಿಯರ್ ಅನ್ನುವ ಯುವಕರ ಲೀಗಿನಲ್ಲಿ ಆಡಿದ ಹುಡುಗರೂ ಅಮೆರಿಕದ ಕಾಲೇಜಿಗೆ ಬರಬಹುದು. ಮೊದಲು ಅವರಿಗೆ ಬಾಗಿಲು ಮುಚ್ಚಿತ್ತು. ಆಟದ ಮಟ್ಟ ಏರಿದೆ, ಜನ ಜಾಸ್ತಿ ಬರುತ್ತಿದ್ದಾರೆ, ದರವೂ ಅದರ ಹಿಂದೆ ಬಂದಿದೆ.

ಆ 'ದೇಣಿಗೆ' ವಿಷಯದಲ್ಲಿ ಹುಷಾರಾಗಿರಿ. 2017ರವರೆಗೆ ಸೀಟಿನ ಹಕ್ಕಿಗೆ ಕೊಟ್ಟ ದೇಣಿಗೆಯಲ್ಲಿ ಶೇ 80ರಷ್ಟಕ್ಕೆ ಆದಾಯ ತೆರಿಗೆ ವಿನಾಯಿತಿ ಪಡೆಯಬಹುದಿತ್ತು. 2018ರಿಂದ ಅದು ಪೂರ್ತಿ ನಿಂತಿದೆ. ಹಾಗಾಗಿ ಅದನ್ನು ದಾನ ಅಂತ ನೋಡಬೇಡಿ, ಟಿಕೆಟ್ ಬೆಲೆಯ ಭಾಗ ಅಂತಲೇ ಲೆಕ್ಕ ಹಾಕಿ. ಇನ್ನು 2025ರ ಮೇ 12ರಿಂದ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ ಜಾರಿಯಲ್ಲಿದೆ. ಟಿಕೆಟ್ ಮಾರುವವರು ಮೊದಲು ತೋರಿಸುವ ಬೆಲೆಯಲ್ಲೇ ಕಡ್ಡಾಯ ಶುಲ್ಕವೆಲ್ಲ ಸೇರಿರಬೇಕು. ಕೊನೆಯ ಪುಟದಲ್ಲಿ ಹೊಸ ಶುಲ್ಕ ಕಂಡರೆ ಅದರ ಫೋಟೊ ತೆಗೆದಿಟ್ಟುಕೊಂಡು ಕಮಿಷನ್‌ಗೆ ದೂರು ಕೊಡಿ.

ಮತ್ತೆ ಒಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಮಹಿಳೆಯರ ಪಂದ್ಯಗಳಿಗೆ ಹೋಗಿದ್ದೀರಾ? ಟಿಕೆಟ್ ಸಾಮಾನ್ಯವಾಗಿ ತುಂಬಾ ಕಡಿಮೆ. ವಿಸ್ಕಾನ್ಸಿನ್ ಮಹಿಳೆಯರು 2025ರಲ್ಲಿ ಎಂಟನೇ ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದರು, ಫೈನಲ್ ಓವರ್‌ಟೈಮಿನಲ್ಲಿ ಮುಗಿಯಿತು. ನಿಮ್ಮ ಮಿನ್ನೆಸೋಟ ತಂಡವೂ ಅದೇ ದರ್ಜೆಯದು. ಪುರುಷರ ಟಿಕೆಟ್ ಸಿಗದ್ದಕ್ಕೆ ಸಮಾಧಾನ ಅಂತ ಇದನ್ನು ಹೇಳುತ್ತಿಲ್ಲ, ಅದೇ ಒಂದು ಒಳ್ಳೆಯ ಆಟ.

ಪ್ರಶ್ನೆ: ಹೊರಗೆ ಆಡಿದರೆ ತಂಡಕ್ಕೇ ನಷ್ಟ ಅಲ್ಲವೇ?
— ಒಬ್ಬ ಓದುಗ, ಒಹಾಯೊ

ಉತ್ತರ: ಸ್ವಲ್ಪ ಮಟ್ಟಿಗೆ. ತವರಿನ ತಂಡ ಅಂತ ಗುರುತಿಸಿದವರಿಗೆ ಎದುರಾಳಿ ಯಾರನ್ನು ಇಳಿಸಿದರು ಅಂತ ನೋಡಿ ತಮ್ಮ ಆಟಗಾರರನ್ನು ಕೊನೆಗೆ ಬದಲಿಸುವ ಹಕ್ಕು ಅಲ್ಲೂ ಇರುತ್ತದೆ. ಹೋಗುವುದು ಗದ್ದಲ, ಮತ್ತೆ ತಮ್ಮ ರಿಂಕಿನ ಹಲಗೆಗೆ ಪಕ್ (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ) ಬಡಿದು ಹೇಗೆ ವಾಪಸು ಬರುತ್ತದೆ ಅನ್ನುವ ಅಭ್ಯಾಸ. ಎರಡೂ ಸಣ್ಣದಲ್ಲ.

ಪ್ರಶ್ನೆ: ನಾವು ಬರೆದರೆ, ಕೂಗಿದರೆ ಯಾರಾದರೂ ಕೇಳುತ್ತಾರಾ? ನನಗಂತೂ ನಂಬಿಕೆ ಇಲ್ಲ.
— ಒಬ್ಬ ಓದುಗ, ನಾರ್ತ್ ಡಕೋಟ

ಉತ್ತರ: ಕೇಳಿದ್ದಾರೆ. ಬಿಗ್ ಟೆನ್ ಹಾಕಿ ಶುರುವಾದದ್ದು 2013ರಲ್ಲಿ. ಮೊದಲ ನಾಲ್ಕು ವರ್ಷ ಅದರ ಟೂರ್ನಿಯನ್ನು ಸೇಂಟ್ ಪಾಲ್ ಮತ್ತು ಡೆಟ್ರಾಯ್ಟಿನ ದೊಡ್ಡ ಅರೆನಾಗಳಲ್ಲಿ ನಡೆಸಿದರು. ಸಾಲುಸಾಲು ಸೀಟು ಖಾಲಿ. ಟಿವಿಯಲ್ಲಿ ನೋಡುವವರಿಗೂ ಅದು ಕಾಣುತ್ತಿತ್ತು. 2018ರಿಂದ ಟೂರ್ನಿ ಕ್ಯಾಂಪಸ್ ರಿಂಕುಗಳಿಗೆ ವಾಪಸು ಬಂತು. ನಿಮ್ಮ ತಂಡ ಆಡುವ ಕಾನ್ಫರೆನ್ಸ್ ಆದ ಎನ್‌ಸಿಎಚ್‌ಸಿ ಕೂಡ ಮಿನ್ನೆಸೋಟದ ಅರೆನಾಗಳನ್ನು ಬಿಟ್ಟು, 2026ರಿಂದ ಟೂರ್ನಿಯನ್ನು ಕ್ಯಾಂಪಸ್‌ನಲ್ಲೇ ನಡೆಸಲು ತೀರ್ಮಾನಿಸಿತು.

ಇನ್ನೂ ಬದಲಾಗದೆ ಉಳಿದಿರುವುದು ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತುಗಳು. 2003ರಿಂದ 16 ತಂಡ, ನಾಲ್ಕು ಊರು. ನಮ್ಮ ತಂಡ ಎಲ್ಲಿ ಆಡುತ್ತದೆ ಅಂತ ಭಾನುವಾರ ಗೊತ್ತಾಗುತ್ತದೆ, ಅದೇ ವಾರದ ಕೊನೆಗೆ ಪಂದ್ಯ. ಅಷ್ಟರೊಳಗೆ ವಿಮಾನ, ಹೋಟೆಲು, ಟಿಕೆಟ್ ಹೊಂದಿಸಬೇಕು. ಒಂದು ಇಡೀ ಸೀಸನ್ ಚೆನ್ನಾಗಿ ಆಡಿ ಮೇಲಿನ ಸ್ಥಾನ ಪಡೆದ ತಂಡಕ್ಕೆ ತನ್ನದೇ ಊರಿನಲ್ಲಿ ಒಂದು ಪಂದ್ಯ ಕೊಡಬಾರದೇ? ಕೊಡಬೇಕು ಅಂತ ನಾನು ಬಲವಾಗಿ ನಂಬುತ್ತೇನೆ.

ಬರೆಯುವಾಗ ಸಿಟ್ಟಿನ ಮಾತಿಗಿಂತ ನಿಮ್ಮ ಲೆಕ್ಕ ಬರೆಯಿರಿ. ಎಷ್ಟು ವರ್ಷದಿಂದ ಸೀಟು ಹಿಡಿದಿದ್ದೀರಿ, ಈ ವರ್ಷ ಯಾವ ಪಂದ್ಯಕ್ಕೆ ಹೋಗಲಾಗಲಿಲ್ಲ, ಯಾಕೆ, ಎಷ್ಟು ದುಡ್ಡು. ಟಿಕೆಟ್ ಆಫೀಸಿಗೆ ಮಾತ್ರ ಅಲ್ಲ, ಕ್ರೀಡಾ ನಿರ್ದೇಶಕರಿಗೂ ಕಳಿಸಿ. ಸಾಧ್ಯವಾದರೆ ನಿಮ್ಮ ಸಾಲಿನಲ್ಲಿ ಕೂರುವ ಹತ್ತು ಜನ ಒಟ್ಟಿಗೆ ಸಹಿ ಹಾಕಿ. ನವೀಕರಣದ ದುಡ್ಡು ಕಟ್ಟುವ ಮೊದಲೇ ಕಳಿಸಬೇಕು, ಕಟ್ಟಿದ ಮೇಲಲ್ಲ. ಮುಂದಿನ ಸೀಸನ್ನಿನಲ್ಲಿ ಎಷ್ಟು ಪಂದ್ಯ ನಿಜವಾಗಿ ನಮ್ಮ ರಿಂಕಿನಲ್ಲಿ ಇವೆ, ಹೊರಗೆ ಹೋಗುವುದಕ್ಕೆ ನಮ್ಮ ಸೀಟು ಸೇರಿದೆಯೇ, ಇಲ್ಲದಿದ್ದರೆ ಎಷ್ಟು ಕಡಿತ. ಈ ಮೂರಕ್ಕೆ ಬರಹದಲ್ಲಿ ಉತ್ತರ ಕೇಳಿ. ಬಂದರೆ ನನಗೂ ಒಂದು ಪ್ರತಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಉಳಿದವರಿಗೂ ತಿಳಿಸುತ್ತೇನೆ.