ಮಂಗನ ಕಾಯಿಲೆ ಬಗ್ಗೆ ಹಳ್ಳಿಯಲ್ಲಿ ಹೇಗೆ ಹೇಳಲಿ: ಪ್ರತಿಕ್ರಿಯೆ

ಶಿರಸಿ ಕಡೆಯ ಹಳ್ಳಿಯಲ್ಲಿ ಮಂಗನ ಕಾಯಿಲೆ ಬಗ್ಗೆ ಹೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನೂ ಕಾರವಾರದಲ್ಲಿ ಎಂಬಿಬಿಎಸ್ ಓದುತ್ತಿರುವವನೇ. ವೈರಸ್ಸು, 1957ರಲ್ಲಿ ಈ ರೋಗ ಮೊದಲು ಪತ್ತೆಯಾದ ಕ್ಯಾಸನೂರು ಕಾಡಿನ ಕತೆ ಎಲ್ಲ ಆಮೇಲೆ. ಮೊದಲು ಸೊಪ್ಪಿನ ಬೆಟ್ಟದ ಕಾಡಿನಿಂದ ದರಕು (ಒಣಗಿ ಬಿದ್ದ ಎಲೆ) ತರುವವರನ್ನು ಮಾತಾಡಿಸಿ. ರೋಗ ಹರಡುವುದು ಹೆಚ್ಚಾಗಿ ಉಣುಗಿನ (ರಕ್ತ ಹೀರುವ ಉಣ್ಣೆಯ) ಮರಿಗಳು. ಎಳ್ಳಿನಷ್ಟೂ ಇರುವುದಿಲ್ಲ, ಕಚ್ಚಿದ್ದೇ ಗೊತ್ತಾಗುವುದಿಲ್ಲ! ಮಂಗ ಸತ್ತರೆ ಅವು ಹೆಣ ಬಿಟ್ಟು ಕೆಳಗಿಳಿಯುತ್ತವೆ, ಅದಕ್ಕೇ ಆ ಜಾಗ ಅಪಾಯ. ಬೆಟ್ಟಕ್ಕೆ ಹೋಗುವಾಗ ಮೈಗೆ ಉಣುಗು ಹತ್ತದಂತೆ ತಡೆಯುವ ಡೀಪಾ ಎಣ್ಣೆ, ಬಂದ ಕೂಡಲೇ ಬಿಸಿನೀರಿನ ಸ್ನಾನ.

ರೋಗಿಯ ಪಕ್ಕ ಕೂತರೆ ಅಂಟುತ್ತಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡಿಲ್ಲ ಅಂತ ನೇರವಾಗಿ ಹೇಳಿ. ಆರೈಕೆ ಮಾಡುವವರಿಗೆ ಬೇಕಾದ್ದೇ ಆ ಮಾತು ಅಲ್ವಾ? ಹಾಂ, ಜ್ವರಕ್ಕೆ ಸುಮ್ನೆ ಅಂಗಡಿಯಿಂದ ಆಸ್ಪಿರಿನ್ ತಂದು ನುಂಗಬೇಡಿ ಎಂದೂ ಹೇಳಿ, ರಕ್ತಸ್ರಾವ ಜಾಸ್ತಿಯಾಗಬಹುದು.