ರವಿವರ್ಮನ ಸೀರೆ, ಸೆರಗಿನ ಹಿಂಬದಿ

ಪ್ರಶ್ನೆ: ನನ್ನ ಮಗಳು ಬೆಂಗಳೂರಲ್ಲಿ ಫ್ಯಾಷನ್ ಡಿಸೈನ್ ಓದ್ತಿದಾಳೆ. ಪ್ರಾಜೆಕ್ಟ್‌ಗೆ ಅಂತ ಫ್ರೆಂಡ್‌ಗೆ ರವಿವರ್ಮನ ಪೇಂಟಿಂಗ್ ಥರಾನೇ ಸೀರೆ ಉಡಿಸಿ, ಒಡವೆ ಹಾಕಿ ಫೋಟೊ ತೆಗೆದ್ಲು, ಚೆನ್ನಾಗೇ ಬಂದಿದೆ. ಆದ್ರೆ ಮೇಷ್ಟ್ರು ಇದು ಬರೀ ಫ್ಯಾಷನ್ ಶೂಟ್, ಕಲೆ ಎಲ್ಲಿದೆ ಅಂದ್ರಂತೆ, ಮೂರು ದಿನದಿಂದ ಸಪ್ಪಗಿದಾಳೆ. ಇಂಥದ್ದೇ ಫೋಟೊ ಗ್ಯಾಲರಿಯಲ್ಲಿಟ್ರೆ ಕಲೆ ಅಂತಾರಲ್ಲ, ಇವಳದ್ದು ಯಾಕಲ್ಲ?
– ಓದುಗರೊಬ್ಬರು, ತುಮಕೂರು

ಉತ್ತರ: ‘ಬರೀ’ ಅನ್ನೋ ಮಾತು ನಂಗೆ ಒಪ್ಪಿಗೆ ಇಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ರವಿವರ್ಮನ ಚಿತ್ರಗಳಲ್ಲಿ ಅರ್ಧ ಕತೆ ಹೇಳೋದೇ ಬಟ್ಟೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ‘ಗ್ಯಾಲಕ್ಸಿ ಆಫ್ ಮ್ಯುಸಿಷಿಯನ್ಸ್’ ಇದೆ, 1889ರದ್ದು, ಮಗಳನ್ನ ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿ. 11 ಜನ ಹೆಂಗಸರಿದಾರೆ, ಯಾರು ಯಾವ ಕಡೆಯವರು ಅಂತ ಸುಳಿವು ಸಿಗೋದು ಉಟ್ಟ ಬಟ್ಟೆ, ಹಾಕಿದ ಒಡವೆಯಿಂದ. ಆಮೇಲೆ 1894ರಲ್ಲಿ ಮುಂಬೈಯಲ್ಲಿ ರವಿವರ್ಮನದೇ ಪ್ರೆಸ್ ಶುರುವಾಗಿ ಚಿತ್ರಗಳು ಕಲ್ಲಚ್ಚಲ್ಲಿ ಅಚ್ಚಾದ ಮೇಲೆ ಲಕ್ಷ್ಮಿ ಸರಸ್ವತಿಯರು ನಮ್ಮ ಗೋಡೆಗಳಿಗೆ ಬಂದ್ರು, ಅದೇ ಸೀರೆ ಉಟ್ಕೊಂಡೇ ಬಂದ್ರು. ಎಷ್ಟೋ ಮನೆಗಳಲ್ಲಿ ಆ ಕಾಗದದ ದೇವಿಗೆ ನಿಜವಾದ ಬಟ್ಟೆ ಕತ್ತರಿಸಿ ಅಂಟಿಸಿ, ಜರಿ, ಚಮಕಿ, ಮಣಿ ಕೂರಿಸಿ ಕಟ್ಟು ಹಾಕಿಸಿದಾರೆ, ಮುಖ ಕೈ ಮಾತ್ರ ಅಚ್ಚಿನದ್ದು, ಮಿಕ್ಕಿದ್ದೆಲ್ಲ ಕೈಕೆಲಸ. ಅಂಥದ್ದು ಸಿಕ್ಕಿದ್ರೆ ಹತ್ತಿರ ಹೋಗಿ ನೋಡಿ, ಬಟ್ಟೆ ಉಬ್ಬಿ ಗಾಜಿಗೆ ತಾಗ್ತಿರತ್ತೆ. ಅಲ್ಲಿ ಪೂಜೆ, ಅಲಂಕಾರ, ಚಿತ್ರ ಅಂತ ಬೇರೆ ಮಾಡೋಕೇ ಬರಲ್ಲ.

ಈಗ ಗ್ಯಾಲರಿ ವಿಷಯ. ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಅನ್ನೋ ಸರಣಿ ಮಾಡಿದ್ರು. ಅದರಲ್ಲಿ ಪುಷ್ಪಮಾಲಾ ಅವರೇ ರವಿವರ್ಮನ ಲಕ್ಷ್ಮಿ ಆಗಿ ನಿಂತಿದಾರೆ, ಬಿಜಾಪುರದ ಹಳೇ ಚಿತ್ರದ ಯೋಗಿನಿ ಆಗಿದಾರೆ, ಸಿನಿಮಾ ಸ್ಟಿಲ್‌ನ ಹೀರೊಯಿನ್ ಆಗಿದಾರೆ, ಜೊತೆಗೆ ಬ್ರಿಟಿಷರ ಕಾಲದಲ್ಲಿ ಚೌಕುಳಿ ಪರದೆ ಮುಂದೆ ನಿಲ್ಲಿಸಿ ಮೈ ಅಳತೆ ತೆಗೆದು ಫೋಟೊ ಹಿಡಿಸಿಕೊಂಡ ಬುಡಕಟ್ಟಿನ ಹೆಂಗಸೂ ಆಗಿದಾರೆ. ಲಕ್ಷ್ಮಿ ಪಕ್ಕದಲ್ಲೇ ಈ ಅಳತೆ ಪರದೆ ಬಂದಾಗ ನಂಗೆ ಎದೆ ಧಸಕ್ ಅಂತು, ಯಾಕಂದ್ರೆ ಎರಡರಲ್ಲೂ ಹೆಂಗಸು ಹೀಗಿರ್ಬೇಕು, ಹೀಗೆ ಕಾಣ್ಬೇಕು ಅಂತ ಬೇರೆ ಯಾರೋ ತೀರ್ಮಾನ ಮಾಡಿ ನಿಲ್ಲಿಸಿದ್ದು ಅಂತ ಆಗ್ಲೇ ಹೊಳೆದಿದ್ದು.

ಇದನ್ನೇ 2020ರ ಕ್ಯಾಲೆಂಡರ್ ಜೊತೆ ಇಟ್ಟು ನೋಡಿ. ಚೆನ್ನೈನ ಫೋಟೊಗ್ರಾಫರ್ ಜಿ. ವೆಂಕಟರಾಮ್ ಒಂದು ಚಾರಿಟಿಗೋಸ್ಕರ ಸಮಂತಾ, ಶ್ರುತಿ ಹಾಸನ್ ಇಂಥ ನಟಿಯರನ್ನ ರವಿವರ್ಮನ ಚಿತ್ರಗಳ ಥರ ನಿಲ್ಲಿಸಿ ತೆಗೆದಿದ್ದು, ನಿಮ್ಮೆಲ್ಲರ ಫೋನಿಗೂ ಬಂದಿರತ್ತೆ. ತುಂಬಾ ಶ್ರದ್ಧೆಯ ಕೆಲಸ ಅದು, ಬೆಳಕು, ಒಡವೆ ಎಲ್ಲಾ ಅಚ್ಚುಕಟ್ಟು. ಅದು ನಮ್ಮನ್ನ ಚಿತ್ರದೊಳಗೆ ಕರ್ಕೊಂಡು ಹೋಗತ್ತೆ, ಪುಷ್ಪಮಾಲಾ ಅವರದ್ದು ಹೊರಗೆ ನಿಲ್ಲಿಸಿ ಈ ಚಿತ್ರ ಕಟ್ಟಿದ್ದು ಹೇಗೆ ಅಂತ ತೋರಿಸತ್ತೆ.

ಮಗಳಿಗೆ ಒಂದೇ ಒಂದು ಪ್ರಶ್ನೆ ಕೇಳಿ, ಆ ಸೀರೆ ಹಾಗೆ ನಿಲ್ಲೋಕೆ ಎಷ್ಟು ಪಿನ್ನು ಹಾಕ್ಬೇಕಾಯ್ತು ಅಂತ. ಚಿತ್ರದಲ್ಲಿ ನೆರಿಗೆ ತಾನಾಗೇ ಬಿದ್ದ ಹಾಗಿರತ್ತೆ, ಉಟ್ಟ ಹುಡುಗಿಗೆ ಉಸಿರು ಬಿಡೋಕೂ ಆಗ್ತಿರಲಿಲ್ವೇನೋ. ಆ ಪಿನ್ನುಗಳು ಕಾಣೋ ಹಾಗೆ, ಬೆನ್ನ ಕಡೆಯಿಂದ ಇನ್ನೊಂದು ಫೋಟೊ ತೆಗೆದು ಮೊದಲನೇದರ ಪಕ್ಕ ಇಟ್ಟು ಮೇಷ್ಟ್ರ ಹತ್ರ ಹೋಗ್ಲಿ.

ಪ್ರಶ್ನೆ: ಟೈಲರಿಂಗ್ ಅಂಗಡಿ ಇಟ್ಟಿದೀನಿ. ಪೇಂಟಿಂಗ್ ಪ್ರಿಂಟ್ ಇರೋ ಬಟ್ಟೆ, ಕಸೂತಿ ಥರ ಡಿಜಿಟಲ್ ಪ್ರಿಂಟ್ ಹೊಡೆದ ಬಟ್ಟೆ ಬ್ಲೌಸ್‌ಗೆ ತುಂಬಾ ಬರ್ತಿದೆ. ಇದೂ ಆರ್ಟೇನಾ?
– ಓದುಗರೊಬ್ಬರು, ಧಾರವಾಡ

ಉತ್ತರ: 1965ರಲ್ಲಿ ಪ್ಯಾರಿಸ್‌ನ ಫ್ಯಾಷನ್ ಡಿಸೈನರ್ ಈವ್ ಸಾಂ ಲೊರಾಂ, ಮೊಂಡ್ರಿಯನ್ ಅನ್ನೋ ಕಲಾವಿದರ ಬಣ್ಣದ ಚೌಕಗಳನ್ನ ಇಟ್ಟು ಡ್ರೆಸ್ ಮಾಡಿದ್ರು. ಪ್ರಿಂಟ್ ಮಾಡಿಸಿದ್ರೆ ಬೇಗ ಮುಗೀತಿತ್ತು, ಹಾಗೆ ಮಾಡ್ಲಿಲ್ಲ, ಒಂದೊಂದು ಬಣ್ಣದ ಉಣ್ಣೆ ಜೆರ್ಸಿ ಬಟ್ಟೆನೂ ಬೇರೆ ಬೇರೆ ಕತ್ತರಿಸಿ ಜೋಡಿಸಿದ್ರು, ಮೈಗೆ ಕೂರಿಸೋ ಹೊಲಿಗೆ ಎಲ್ಲಾ ಆ ಗೆರೆಗಳಲ್ಲೇ ಅಡಗಿಸಿದ್ರು. ಅದು ಎಂಥ ಕಷ್ಟ ಅಂತ ಕತ್ತರಿ ಹಿಡಿಯೋ ನಿಮಗೆ ನಾನು ಹೇಳ್ಬೇಕಾಗಿಲ್ಲ. ಪ್ರಿಂಟ್ ಬಟ್ಟೆ ಹೊಲಿಯೋದ್ರಲ್ಲಿ ತಪ್ಪೇನಿಲ್ಲ, ಧಾರಾಳವಾಗಿ ಹೊಲೀರಿ. ಆದ್ರೆ ಅದನ್ನ ಕಸೂತಿ ಅನ್ನಬೇಡಿ. ಕಸೂತಿ ಎಳೆ ಎಣಿಸಿ ಹಾಕೋದು, ಗವಂತಿ, ಮುರಗಿ ಹೊಲಿಗೆ ಆದ್ರೆ ಗಂಟಿಲ್ಲದೆ ಎರಡೂ ಕಡೆ ಒಂದೇ ಥರ ಕಾಣತ್ತೆ. ಗಿರಾಕಿ ಕೇಳಿದ್ರೆ ಬಟ್ಟೆ ತಿರುಗಿಸಿ ಹಿಂಬದಿ ತೋರಿಸಿ.