ಹಳೇ ಗಾಡಿಗೆ ಎಂಜಿನ್ ಫ್ಲಶ್ ಹಾಕಿಸಬೇಕಾ?

ಪ್ರಶ್ನೆ: ನಮ್ಮದು 2012ರ ಪೆಟ್ರೋಲ್ ಸ್ವಿಫ್ಟ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಈಗ 1,68,000 ಕಿ.ಮೀ. ಓಡಿದೆ. ಮೊದಲಿನವರು ಆಯಿಲ್ ಯಾವಾಗ ಬದಲಿಸಿದ್ದರೋ, ಒಂದು ಬಿಲ್ಲೂ ಇಲ್ಲ. ಪಿಕಪ್ ಕಡಿಮೆ ಆಗಿದೆ. ಸರ್ವಿಸ್‌ಗೆ ಬಿಟ್ಟಾಗ ‘ಎಂಜಿನ್ ಫ್ಲಶ್ ಹಾಕಿಸಿ ಸರ್, ಒಳಗೆಲ್ಲ ಕ್ಲೀನ್ ಆಗುತ್ತೆ’ ಅಂದರು. ನಮ್ಮ ಮಾವ ‘ಅದಕ್ಕ್ಯಾಕೆ ದುಡ್ಡು, ಅರ್ಧ ಲೀಟರ್ ಸೀಮೆಎಣ್ಣೆ ಹಾಕಿ ಸ್ವಲ್ಪ ಓಡಿಸಿ ಇಳಿಸು’ ಅಂತಾರೆ. ಯಾರ ಮಾತು ಕೇಳಲಿ?
ಓದುಗರು, ಸೇಡಂ ರಸ್ತೆ, ಕಲಬುರಗಿ

ಉತ್ತರ: ಸದ್ಯಕ್ಕೆ ಎರಡೂ ಬೇಡ ಸರ್. ಮೊದಲು ಒಳಗೆ ಏನಿದೆ ಅಂತ ನೋಡಿ, ಆಮೇಲೆ ಸುರಿಯೋ ಮಾತು.

ನೋಡೋದು ಕಷ್ಟವೇನಲ್ಲ. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಬಾನೆಟ್ ಎತ್ತಿ, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆಯಿರಿ. ಮೊಬೈಲ್ ಟಾರ್ಚ್ ಬಿಟ್ಟು ಬಗ್ಗಿ ನೋಡಿ. ಒಳಗಿನ ಲೋಹ ಕಾಣುತ್ತಿದೆ, ಮೇಲೆ ತಿಳಿ ಕಂದು ಬಣ್ಣ ಹಿಡಿದಿದೆ ಅಂದರೆ ಗಾಬರಿ ಬೇಡ. ಅದು ಬರೀ ಕಲೆ, ಇಷ್ಟು ಓಡಿದ ಗಾಡಿಯಲ್ಲಿ ಇರೋದೇ. ಮುಚ್ಚಳದ ಒಳಗೆ ಬೆರಳು ಆಡಿಸಿದಾಗ ಹುಣಸೆ ಗೊಜ್ಜಿನ ಹಾಗೆ ದಪ್ಪಗೆ, ಕಪ್ಪಗೆ ಅಂಟಿಕೊಂಡು ಬಂತು, ಇಲ್ಲವೇ ಒಣಗಿದ ಕರಿ ಚಕ್ಕೆ ಉದುರಿತು ಅಂದರೆ ಅದು ಸ್ಲಡ್ಜ್. ಅನುಮಾನ ಉಳಿದರೆ ಟ್ಯಾಪೆಟ್ ಕವರ್, ಅಂದರೆ ಎಂಜಿನ್ ತಲೆಯ ಮೇಲಿನ ಮುಚ್ಚಳ, ಬಿಚ್ಚಿಸಿ ನೋಡಿ. ಅದರ ಪ್ಯಾಕಿಂಗ್ ಹೊಸದು ಹಾಕಿಸಬೇಕಾಗುತ್ತೆ ಅಷ್ಟೇ. ಈ ವಯಸ್ಸಿನ ಗಾಡಿಯಲ್ಲಿ ಆ ಪ್ಯಾಕಿಂಗ್ ಹೇಗೂ ಗಟ್ಟಿಯಾಗಿ ಆಯಿಲ್ ಜಿನುಗೋಕೆ ಶುರುವಾಗಿರುತ್ತೆ, ಹಾಗಾಗಿ ಆ ಖರ್ಚು ದಂಡ ಅಲ್ಲ.

ಸ್ಲಡ್ಜ್ ಅಂದರೆ ಹೊರಗಿನಿಂದ ಬಂದ ಕೊಳೆ ಅಲ್ಲ. ಬದಲಿಸದೇ ಬಿಟ್ಟ ಆಯಿಲ್ಲೇ ಬಿಸಿಗೆ ಕೆಟ್ಟು, ಮಸಿ, ಉರಿಯದ ಪೆಟ್ರೋಲ್, ನೀರಿನ ಪಸೆ ಎಲ್ಲ ಬೆರೆತು ಗಟ್ಟಿಯಾದದ್ದು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಎಸಿ ಹಾಕಿಕೊಂಡು ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ಉರುಳೋ ಗಾಡಿಯ ಆಯಿಲ್ ಕಿಲೋಮೀಟರ್ ಜಾಸ್ತಿ ಆಗದಿದ್ದರೂ ಬೇಗ ಸುಸ್ತಾಗುತ್ತೆ. ಸರ್ವಿಸ್ ಪುಸ್ತಕದಲ್ಲಿ ಕಿಲೋಮೀಟರ್ ಜೊತೆಗೆ ತಿಂಗಳ ಲೆಕ್ಕವನ್ನೂ ಕೊಟ್ಟಿರುವುದು ಸುಮ್ನೆ ಅಲ್ಲ, ಯಾವುದು ಮೊದಲು ಬಂತೋ ಆಗ ಬದಲಿಸಬೇಕು.

ಈಗ ಫ್ಲಶ್ ಡಬ್ಬಿ ವಿಷಯ. ಅದರಲ್ಲಿರೋದು ಬಹುಪಾಲು ಸೀಮೆಎಣ್ಣೆ ಜಾತಿಯ ತೆಳು ಎಣ್ಣೆ, ಜೊತೆಗೆ ಕೊಳೆ ಬಿಡಿಸುವ ಡಿಟರ್ಜೆಂಟ್. ಇಳಿಸಬೇಕಾದ ಹಳೇ ಆಯಿಲ್‌ಗೆ ಸುರಿದು, ಹತ್ತು ಹದಿನೈದು ನಿಮಿಷ ನಿಂತಲ್ಲೇ ಎಂಜಿನ್ ಆನ್ ಇಟ್ಟು ಇಳಿಸುತ್ತಾರೆ. ಆ ಹೊತ್ತಿನಲ್ಲಿ ಗಾಡಿ ಓಡಿಸಬಾರದು, ರೇಸ್ ಕೊಡಬಾರದು. ಯಾಕೆಂದರೆ ಆಯಿಲ್ ತೆಳುವಾಗಿ ಬೇರಿಂಗ್ ಮೇಲಿನ ಪದರ ಬಲ ಕಳಕೊಂಡಿರುತ್ತೆ. ಮಾವನವರ ಸೀಮೆಎಣ್ಣೆ ಉಪಾಯದಲ್ಲಿ ಡಿಟರ್ಜೆಂಟೂ ಇಲ್ಲ, ಮೇಲಿಂದ ‘ಸ್ವಲ್ಪ ಓಡಿಸಿ’ ಅಂತ ಬೇರೆ. ಅವರಿಗೆ ದಯವಿಟ್ಟು ಬೇಡ ಅನ್ನಿ.

ಅಪಾಯ ಇರೋದು ಸ್ಲಡ್ಜ್ ಹಿಡಿದ ಎಂಜಿನ್‌ನಲ್ಲೇ, ಅಂದರೆ ಫ್ಲಶ್ ಬೇಕು ಅಂತ ಎಲ್ಲರಿಗೂ ಅನಿಸುವ ಜಾಗದಲ್ಲೇ. ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಒಳಗೆ ಪಂಪ್‌ನ ಪೈಪ್ ಇರುತ್ತೆ, ಅದರ ಬಾಯಿಗೆ ಒಂದು ಸಣ್ಣ ಜಾಲರಿ. ವರ್ಷಗಟ್ಟಲೆ ಗೋಡೆಗೆ ಅಂಟಿಕೊಂಡು ಸುಮ್ಮನಿದ್ದ ಸ್ಲಡ್ಜ್ ಹದಿನೈದು ನಿಮಿಷದಲ್ಲಿ ಕರಗಿ ಮುಗಿಯೋಲ್ಲ, ಮೆತ್ತಗಾಗಿ ತುಂಡು ತುಂಡಾಗಿ ಕಳಚುತ್ತೆ. ಆಯಿಲ್ ಇಳಿಸಿದಾಗ ಒಂದಷ್ಟು ಹೊರಗೆ ಹೋಗುತ್ತೆ, ಉಳಿದದ್ದು ಜಾಲರಿಗೆ ಬಂದು ಕೂರುತ್ತೆ. ಹೊಸ ಆಯಿಲ್ ಹಾಕಿದ್ದೀವಿ, ಗೇಜ್ ಕಡ್ಡಿಯಲ್ಲಿ ಲೆವೆಲ್ ಸರಿ ಇದೆ, ಆದರೂ ಪಂಪ್‌ಗೆ ಆಯಿಲ್ ಸಿಗೋದಿಲ್ಲ. ಇಂಥ ಒಂದು ಗಾಡಿಯ ಚೇಂಬರ್ ಇಳಿಸಿದಾಗ ನಾನು ಅಲ್ಲೇ ಇದ್ದೆ. ಫ್ಲಶ್ ಮಾಡಿ ವಾರ ಕೂಡ ಆಗಿರಲಿಲ್ಲ. ಜಾಲರಿಯ ಮುಕ್ಕಾಲು ಭಾಗ ಕಣ್ಣು ಕಾಣದಷ್ಟು ಮುಚ್ಚಿತ್ತು, ಉಗುರಿನಿಂದ ಕೆರೆದರೆ ಪದರ ಪದರವಾಗಿ ಎದ್ದು ಬರುತ್ತಿತ್ತು. ಆಯಿಲ್ ಲೈಟ್ ಹತ್ತಿದ ಮೇಲೂ ‘ಈಗ ತಾನೇ ಸರ್ವಿಸ್ ಆಗಿದೆಯಲ್ಲ’ ಅಂತ ಊರು ಮುಟ್ಟೋತನಕ ಓಡಿಸಿದ್ದರು. ಕ್ರ್ಯಾಂಕ್ ಬೇರಿಂಗ್ ಹೋಗಿತ್ತು. ನೋಡಿ ಹೊಟ್ಟೆ ಉರಿಯಿತು. ಕೆಂಪು ಆಯಿಲ್ ಲೈಟ್ ಹತ್ತಿದರೆ ನೀವು ಎಲ್ಲೇ ಇರಿ, ಪಕ್ಕಕ್ಕೆ ಹಾಕಿ ಎಂಜಿನ್ ಬಂದ್ ಮಾಡಿ. ಆ ಲೈಟ್ ಹೇಳೋದು ಆಯಿಲ್ ಕಡಿಮೆ ಇದೆ ಅಂತಲ್ಲ, ಪ್ರೆಷರ್ ಇಲ್ಲ ಅಂತ.

ಹಾಗಾದರೆ ಏನು ಮಾಡಬೇಕು? ಒಳ್ಳೆಯ ಆಯಿಲ್ಲೇ ಕ್ಲೀನ್ ಮಾಡುತ್ತೆ, ನಿಧಾನವಾಗಿ. ಅದರಲ್ಲೇ ಡಿಟರ್ಜೆಂಟ್ ಇರುತ್ತೆ, ಹಾಕಿದ ಕೆಲವೇ ದಿನಕ್ಕೆ ಕಪ್ಪಾಗೋದು ಅದು ಕೆಲಸ ಮಾಡುತ್ತಿರುವ ಗುರುತು. ಗಾಡಿ ಪುಸ್ತಕದಲ್ಲಿ ಹೇಳಿದ ಗ್ರೇಡ್, ಡಬ್ಬಿ ಮೇಲೆ ಎಪಿಐ ಎಸ್‌ಎನ್ ಅಥವಾ ಎಸ್‌ಪಿ ಅನ್ನೋ ಗುಣಮಟ್ಟದ ಗುರುತು ಇರುವ ಆಯಿಲ್, ಜೊತೆಗೆ ಕಂಪನಿ ಫಿಲ್ಟರ್ ಹಾಕಿಸಿ. ಎರಡು ಸಾವಿರ ಕಿಲೋಮೀಟರ್ ಓಡಿಸಿ ಮತ್ತೆ ಎರಡನ್ನೂ ಬದಲಿಸಿ. ಇನ್ನೊಂದು ಸಲ ಹಾಗೇ ಮಾಡಿ. ಪ್ರತಿ ಸಲವೂ ಹಳೇ ಫಿಲ್ಟರ್ ಎಸೆಯೋಕೆ ಬಿಡಬೇಡಿ, ಮಿಸ್ತ್ರಿಗೆ ಹೇಳಿ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ಕರಿ ಚೂರು ಕಡಿಮೆಯಾಗುತ್ತಾ ಬಂದರೆ ದಾರಿ ಸರಿ ಇದೆ. ಹೊಳೆಯೋ ಲೋಹದ ಪುಡಿ ಕಂಡರೆ ಅದು ಬೇರೆಯೇ ಕಥೆ, ಗಾಡಿ ನಿಲ್ಲಿಸಿ ತೋರಿಸಿ. ಟ್ಯಾಪೆಟ್ ಕವರ್ ಬಿಚ್ಚಿದಾಗ ಸ್ಲಡ್ಜ್ ಜಾಸ್ತಿ ಕಂಡಿದ್ದರೆ ಮಾತ್ರ ಚೇಂಬರ್ ಇಳಿಸಿ ಜಾಲರಿ ಕೈಯಾರೆ ತೊಳೆಸಿ. ಡಬ್ಬಿಗಿಂತ ಖರ್ಚು ಜಾಸ್ತಿ, ನಿಜ. ಆದರೆ ಕೊಳೆ ಹೊರಗೆ ಬಂದದ್ದು ಕಣ್ಣಿಗೆ ಕಾಣುತ್ತೆ. ಹಾಗೇ ಪಿಸಿವಿ ವಾಲ್ವ್ ಕೂಡ ಬದಲಿಸಿ. ಎಂಜಿನ್ ಒಳಗಿನ ಆವಿ ಹೊರಗೆ ಹೋಗೋ ಸಣ್ಣ ದಾರಿ ಅದು, ಕಟ್ಟಿಕೊಂಡರೆ ಮತ್ತೆ ಸ್ಲಡ್ಜ್ ಆಗುತ್ತೆ.

ಒಳಗೆ ಕ್ಲೀನ್ ಇದ್ದರೆ? ಆಗ ಫ್ಲಶ್‌ನಿಂದ ಹಾನಿ ಆಗೋದು ಕಡಿಮೆ, ಆದರೆ ಅದು ಮಾಡೋ ಕೆಲಸವೂ ಏನೂ ಇಲ್ಲ. ಆ ದುಡ್ಡನ್ನು ಒಳ್ಳೆಯ ಫಿಲ್ಟರ್‌ಗೆ ಹಾಕಿ.

ಪಿಕಪ್ ಮಾತು ಮರೆತಿಲ್ಲ. ಅದಕ್ಕೂ ಫ್ಲಶ್‌ಗೂ ಸಂಬಂಧ ಕಡಿಮೆ. ನೀವಿರೋದು ಸೇಡಂ ರಸ್ತೆ, ಮಳಖೇಡ ಕಡೆಯ ಸಿಮೆಂಟ್ ಲಾರಿಗಳ ಹಿಂದೆ ಓಡಾಡೋರು. ಮೊದಲು ಏರ್ ಫಿಲ್ಟರ್ ತೆಗೆದು ನೋಡಿ, ಧೂಳಿನಿಂದ ಬೂದಿ ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ. ಗಾಳಿ ಹೊಡೆದು ಮತ್ತೆ ಹಾಕೋದು ಬೇಡ, ಕಾಗದ ಹರಿದರೆ ಧೂಳು ನೇರವಾಗಿ ಸಿಲಿಂಡರ್ ಒಳಗೆ ಹೋಗುತ್ತೆ. ಆಮೇಲೆ ಸ್ಪಾರ್ಕ್ ಪ್ಲಗ್, ಎಂಜಿನ್‌ಗೆ ಹೋಗೋ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಬಾಡಿ. ಥ್ರಾಟಲ್ ಬಾಡಿಗೆ ಮಾತ್ರ ಸ್ಪ್ರೇ ಡಬ್ಬಿ ನಿಜಕ್ಕೂ ಉಪಯೋಗ, ಕೊಳೆ ಇರೋ ಜಾಗಕ್ಕೇ ಬೀಳುತ್ತೆ, ಬಟ್ಟೆಯಿಂದ ಒರೆಸಬಹುದು. ಕ್ಲಚ್ ಜಾರುತ್ತಿದ್ದರೂ ಪಿಕಪ್ ಇಲ್ಲ ಅನಿಸುತ್ತೆ, ಅದನ್ನೂ ನೋಡಿಸಿ.

ಪ್ರಶ್ನೆ: ನನ್ನ ಡೀಸೆಲ್ ಗಾಡಿ 2,30,000 ಕಿ.ಮೀ. ದಾಟಿದೆ. ಎಕ್ಸಲೇಟರ್ ಕೊಟ್ಟರೆ ನೀಲಿ ಹೊಗೆ, ಆಯಿಲ್ ತಿನ್ನುತ್ತಿದೆ. ಹೊಗೆ ನಿಲ್ಲಿಸೋ ಡಬ್ಬಿ ಹಾಕಿದರೆ ಸರಿ ಹೋಗುತ್ತಾ?
ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಹೊಗೆ ಕೆಲವು ದಿನ ಕಡಿಮೆ ಆಗುತ್ತೆ, ರೋಗ ಹಾಗೇ ಇರುತ್ತೆ. ಆ ಡಬ್ಬಿ ಆಯಿಲ್ ಅನ್ನು ದಪ್ಪ ಮಾಡುತ್ತೆ ಅಷ್ಟೇ. ದಪ್ಪ ಆಯಿಲ್ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋದ ಬೇರಿಂಗ್‌ಗೆ ತಡವಾಗಿ ತಲುಪುತ್ತೆ, ಅದು ಇನ್ನೂ ಕೆಟ್ಟದ್ದು. ಹಳೇ ಗಾಡಿ ಮಾರುವವರಲ್ಲಿ ಕೆಲವರು ಇದನ್ನು ಹಾಕಿಯೇ ತೋರಿಸುತ್ತಾರೆ, ಕೊಳ್ಳುವವರು ಹುಷಾರು.

ಟರ್ಬೋದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪ್ ಬಿಚ್ಚಿಸಿ. ಒಳಗೆ ಆಯಿಲ್ ನಿಂತಿದ್ದರೆ ಟರ್ಬೋ ಸೀಲ್ ಮೇಲೆ ಮೊದಲ ಅನುಮಾನ, ಟರ್ಬೋ ಶಾಫ್ಟ್ ಕೈಯಿಂದ ಅಲ್ಲಾಡಿಸಿ ಆಟ ಎಷ್ಟಿದೆ ನೋಡುತ್ತಾರೆ. ಪೈಪ್ ಒಣಗಿದ್ದರೆ ಕಂಪ್ರೆಷನ್ ಚೆಕ್ ಮಾಡಿಸಿ, ಪಿಸ್ಟನ್ ರಿಂಗ್ ಸವೆದುಹೋಗಿರಬಹುದು. ತಡ ಮಾಡಬೇಡಿ. ಟರ್ಬೋ ಸೀಲ್ ಪೂರ್ತಿ ಕಿತ್ತುಹೋದರೆ ಡೀಸೆಲ್ ಎಂಜಿನ್ ತನ್ನ ಆಯಿಲ್ಲನ್ನೇ ಉರಿಸಿಕೊಂಡು ತಾನಾಗಿಯೇ ರೇಸ್ ಆಗುತ್ತೆ, ಕೀ ತಿರುಗಿಸಿದರೂ ನಿಲ್ಲೋದಿಲ್ಲ. ಹಾಗೇನಾದರೂ ಆದರೆ ಬ್ರೇಕ್ ಗಟ್ಟಿಯಾಗಿ ಒತ್ತಿ, ಟಾಪ್ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಬಂದ್ ಬೀಳಿಸಬೇಕು. ಇದನ್ನು ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಹೇಳಿಡಿ.

ಪ್ರಶ್ನೆ: ಪೆಟ್ರೋಲ್ ಟ್ಯಾಂಕ್‌ಗೆ ಹಾಕೋ ಇಂಜೆಕ್ಟರ್ ಕ್ಲೀನರ್ ಕೂಡ ಮೋಸವೇ? ಪ್ರತಿ ಸಲ ಬಂಕ್‌ನಲ್ಲಿ ಹಾಕಿಸಿ ಅಂತಾರೆ.
ಓದುಗರು, ಬೀದರ್

ಉತ್ತರ: ಮೋಸ ಅಲ್ಲ, ಆದರೆ ಪ್ರತಿ ಸಲ ಬೇಡ. ಡಬ್ಬಿ ಮೇಲೆ ಪಾಲಿಈಥರ್‌ಅಮೈನ್ ಅಥವಾ ಪಿಇಎ ಅಂತ ಇದೆಯಾ ನೋಡಿ, ಇಂಜೆಕ್ಟರ್ ಮೇಲಿನ ಗಟ್ಟಿ ಮಸಿ ಬಿಡಿಸುವುದರಲ್ಲಿ ಅದು ಹೆಸರು ಮಾಡಿದ್ದು. ಐಡಲಿಂಗ್ ನಡುಗುತ್ತಿದ್ದರೆ, ಆವರೇಜ್ ಬಿದ್ದಿದ್ದರೆ ಒಂದು ಸಲ ಹಾಕಿ ನೋಡಬಹುದು. ಡೀಸೆಲ್ ಗಾಡಿಗೆ ಡೀಸೆಲ್‌ನದೇ ಬೇರೆ ಬರುತ್ತೆ, ಅದಲು ಬದಲು ಮಾಡಬೇಡಿ. ನೇರವಾಗಿ ಸಿಲಿಂಡರ್ ಒಳಗೇ ಪೆಟ್ರೋಲ್ ಚಿಮ್ಮಿಸುವ ಹೊಸ ಎಂಜಿನ್‌ಗಳಲ್ಲಿ ಇನ್‌ಟೇಕ್ ವಾಲ್ವ್ ಮೇಲಿನ ಮಸಿಗೆ ಇದು ತಾಗುವುದೇ ಇಲ್ಲ. ಡಬ್ಬಿ ಮೇಲೆ ಹೇಳಿದಷ್ಟೇ ಹಾಕಿ. ಆಯಿಲ್ ಬದಲಿಸೋಕೆ ಸ್ವಲ್ಪ ಮುಂಚಿನ ಟ್ಯಾಂಕ್‌ಗೆ ಹಾಕಿದರೆ ಒಳ್ಳೆಯದು, ಅದರ ಒಂದಂಶ ಸಿಲಿಂಡರ್ ಗೋಡೆಯಿಂದ ಜಾರಿ ಆಯಿಲ್‌ಗೆ ಸೇರುತ್ತೆ, ಆ ಆಯಿಲ್ ಹೇಗೂ ಇಳಿದುಹೋಗುತ್ತೆ.